ಕಾರ್ ಟಾಪ್ ಮೇಲೆ ಸರ್ಫ್ ಬೋರ್ಡ್ ಇದ್ದಂಗೇ ಪಾರ್ಕಿಂಗ್ ಒಳಗೆ ಹೋಗಬೇಕು, ಎತ್ತರ ಎಷ್ಟು ಬಿಡಿಸಲಿ?

ಅಲೆಹುಚ್ಚಿ:

ಎಲ್ಲರಿಗೂ ನಮಸ್ಕಾರ. ಅಂಜನಾಪುರದಲ್ಲಿ 30×40 ಸೈಟಲ್ಲಿ ಮನೆ ಕಟ್ಟಿಸ್ತಾ ಇದೀವಿ, ಕೆಳಗೆ ಪೂರ್ತಿ ಪಾರ್ಕಿಂಗು, ಮೇಲೆ ಎರಡು ಫ್ಲೋರು. ಪ್ಲಿಂತ್ ಮುಗಿದಿದೆ, ಕಾಲಂ ಕಂಬಿ ನಿಂತಿದೆ, ಕಾಂಕ್ರೀಟ್ ಇನ್ನೂ ತುಂಬಿಲ್ಲ, ಅಂದ್ರೆ ಪಾರ್ಕಿಂಗ್ ಎತ್ತರ ಬದಲಾಯಿಸಬೇಕು ಅಂದ್ರೆ ಈ ವಾರದೊಳಗೇ ಹೇಳಬೇಕು.

ವಿಷಯ ಏನಂದ್ರೆ ನಾನೂ ನಮ್ಮೆಜಮಾನ್ರೂ ಎರಡು ವರ್ಷದಿಂದ ಸರ್ಫಿಂಗ್ ಕಲೀತಾ ಇದೀವಿ, ತಿಂಗಳಿಗೆ ಒಂದೆರಡು ಸಲ ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹಾಸನ, ಸಕಲೇಶಪುರ, ಶಿರಾಡಿ ಘಾಟ್ ಮೇಲೆ ಮೂಲ್ಕಿ ಕಡೆ ಹೊರಡ್ತೀವಿ, ಸಸಿಹಿತ್ಲುನಲ್ಲಿ ಎರಡು ದಿನ ನೀರಲ್ಲಿದ್ದು ಭಾನುವಾರ ರಾತ್ರಿ ಒಂದೂವರೆ ಎರಡಕ್ಕೆ ವಾಪಸ್ ಬರ್ತೀವಿ. ಬೋರ್ಡ್ ಎರಡು, ಒಂದು 9 ಅಡಿ ಲಾಂಗ್‌ಬೋರ್ಡು, ಇನ್ನೊಂದು 7 ಅಡಿದು, ಎರಡೂ ಎರ್ಟಿಗಾ ಟಾಪ್ ಮೇಲೆ ಕ್ರಾಸ್ ಬಾರ್ ಹಾಕಿ ಒಂದರ ಮೇಲೊಂದು ಕಟ್ಟೋದು.

ಈಗ ಬಾಡಿಗೆಗೆ ಇರೋ ಮನೇಲಿ ಹೋದ ನವೆಂಬರಲ್ಲಿ ಹಿಂಗೇ ರಾತ್ರಿ ಬಂದು ನಿದ್ದೆ ಕಣ್ಣಲ್ಲಿ ಸೀದಾ ಒಳಗೆ ನುಗ್ಗಿಸಿದ್ವಿ, ಬೀಮಿಗೆ ಲಾಂಗ್‌ಬೋರ್ಡಿನ ಫಿನ್ (ಬೋರ್ಡಿನ ತಳದಲ್ಲಿ ಮೀನಿನ ರೆಕ್ಕೆ ಥರ ಇರುತ್ತಲ್ಲ, ಅದು) ಹೊಡೀತು, ಫಿನ್ ಜೊತೆ ಅದನ್ನ ಕೂರಿಸೋ ಫಿನ್ ಬಾಕ್ಸೇ ಕಿತ್ಕೊಂಡು ಬಂತು. ಆ ಶಬ್ದ ಇವತ್ತಿಗೂ ಮರೆತಿಲ್ಲ ನಾನು. ಸ್ವಂತ ಮನೇಲಿ ಇದು ಮತ್ತೆ ಆಗಬಾರದು ಅಂತ ಹಠ.

ಕಾಂಟ್ರಾಕ್ಟರ್ ಹೇಳೋದು, ಮೇಡಂ 9 ಅಡಿ ಬಿಡ್ತೀವಿ, ಲಾರಿನೇ ಹೋಗುತ್ತೆ, ಮುಂದೆ ರೋಲಿಂಗ್ ಶಟರ್ ಹಾಕೋಣ ಅಂತ. 9 ಅಡಿ ಕೇಳೋಕೆ ಜಾಸ್ತಿನೇ ಅನಿಸುತ್ತೆ. ಆದ್ರೆ ಈಗಿನ ಮನೆ ಓನರೂ ನಮಗೆ 9 ಅಡಿ ಅಂತಾನೇ ಹೇಳಿದ್ರು. ಆ 9 ಅಡಿ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಶಟರ್ ಕೆಲಸ, ಪೀಣ್ಯ:

ಮೇಡಂ, ಮೊದಲು ಶಟರ್ ವಿಷಯ ಹೇಳ್ತೀನಿ, ಹದಿನೆಂಟು ವರ್ಷದಿಂದ ಇದೇ ಕೆಲಸ ನಂದು. ರೋಲಿಂಗ್ ಶಟರ್ ಮೇಲಕ್ಕೆ ಹೋದ್ರೆ ಮಾಯ ಆಗಲ್ಲ, ಸುತ್ಕೊಂಡು ಅಲ್ಲೇ ಕೂತಿರುತ್ತೆ. ನಿಮ್ಮಷ್ಟು ಎತ್ತರದ ಶಟರ್ರಿಗೆ ಸುರುಳಿ, ಬ್ರಾಕೆಟ್ಟು, ಮೇಲಿನ ಬಾಕ್ಸ್ ಎಲ್ಲ ಸೇರಿ 14 ಇಂಚು ಹಿಡ್ಕೊಳ್ಳಿ. ಅಂಗಡಿ ಆದ್ರೆ ಲಿಂಟಲ್ ಮೇಲೆ ಗೋಡೆ ಇರುತ್ತೆ, ಬಾಕ್ಸನ್ನ ಆ ಗೋಡೆಗೆ ಹಾಕ್ತೀವಿ, ಬಾಗಿಲಿನ ಎತ್ತರ ಪೂರ್ತಿ ಸಿಗುತ್ತೆ. ಮನೆ ಪಾರ್ಕಿಂಗಲ್ಲಿ ಲಿಂಟಲ್ಲೂ ಇಲ್ಲ ಗೋಡೆನೂ ಇಲ್ಲ, ಸೀದಾ ಬೀಮು, ಹಂಗಾಗಿ ಬಾಕ್ಸ್ ಬೀಮಿನ ಕೆಳಗೆ ನೇತಾಡುತ್ತೆ. ಆ 14 ಇಂಚು ನಿಮ್ಮ ದಾರಿಯಿಂದಾನೇ ಹೋಗುತ್ತೆ.

ಬೇಕೇ ಬೇಕು ಅಂದ್ರೆ ಬೀಮಿನ ಹೊರಗಿನ ಮುಖಕ್ಕೆ ಬಾಕ್ಸ್ ಹಾಕಬಹುದು, ಮೇಲೆ ಬಾಲ್ಕನಿ ಅಥವಾ ಸಜ್ಜಾ ಇದ್ದು ಮಳೆ ನೀರು ಬೀಳದ ಹಾಗಿದ್ರೆ ಮಾತ್ರ. ಇಲ್ಲಾಂದ್ರೆ ಎರಡು ಮಳೆಗಾಲಕ್ಕೆ ಸ್ಪ್ರಿಂಗ್ ತುಕ್ಕು. ಇನ್ನೊಂದು, ಕೈಯಲ್ಲಿ ಎತ್ತೋ ಶಟರ್ರಲ್ಲಿ ಸ್ಪ್ರಿಂಗ್ ಸಡಿಲ ಆಗ್ತಾ ಆಗ್ತಾ ಕೆಳಗಿನ ಪಟ್ಟಿ ಪೂರ್ತಿ ಮೇಲೆ ನಿಲ್ಲಲ್ಲ, ನಾಲ್ಕು ಇಂಚು ಇಳಿದು ನಿಲ್ಲುತ್ತೆ. ಕಾರಿಗೆ ತೊಂದರೆ ಇಲ್ಲ, ಟಾಪ್ ಮೇಲೆ ಸಾಮಾನು ಇರೋರಿಗೆ ಅದೇ ನಾಲ್ಕು ಇಂಚು ಸಾಕು. ಮೋಟಾರ್ ಶಟರ್ ಆದ್ರೆ ಎಲ್ಲಿ ನಿಲ್ಲಬೇಕು ಅಂತ ಲಿಮಿಟ್ ಸ್ವಿಚ್ ಸೆಟ್ ಮಾಡ್ತೀವಿ, ಅದನ್ನೂ ವರ್ಷಕ್ಕೊಂದು ಸಲ ನೋಡಿಸ್ಕೊಬೇಕು.

ಫಾರಿನ್ ಥರ ಪ್ಯಾನೆಲ್ ಬಾಗಿಲು ಮೇಲೆ ಹೋಗಿ ಸೀಲಿಂಗ್ ಕೆಳಗೆ ಮಲಗುತ್ತಲ್ಲ, ಅದೂ ಕೇಳ್ತಾರೆ ಈಗ. ಅದರಲ್ಲಿ ಬಾಗಿಲು ಎಷ್ಟು ಎತ್ತರಾನೋ ಅಷ್ಟು ಉದ್ದಕ್ಕೆ ಒಳಗೆ ನಿಮ್ಮ ತಲೆ ಮೇಲೆ ಟ್ರ್ಯಾಕ್ ಬರುತ್ತೆ, ಬೋರ್ಡ್ ಅದರ ಕೆಳಗೇ ಹಾದು ಹೋಗಬೇಕು.

ನನ್ನ ವ್ಯಾಪಾರಕ್ಕೆ ನಷ್ಟ, ಆದ್ರೂ ನಿಜ ಹೇಳಬೇಕಲ್ಲ. ನಿಮಗೆ ಸ್ಲೈಡಿಂಗ್ ಗೇಟೇ ಸರಿ. ಕೆಳಗೆ ಟ್ರ್ಯಾಕು, ಪಕ್ಕದ ಪಿಲ್ಲರ್ರಿಗೆ ಗೈಡ್ ರೋಲರ್ರು, ಮೇಲೆ ಏನೂ ಬೇಡ. ಗೇಟಿನ ಮೇಲೆ ಆಕಾಶಾನೇ.

ಬಸವೇಶ್ವರನಗರದ ಹಳೇ ಮನೆ:

ತಾಯಿ, ನಮ್ಮದು 1992ರಲ್ಲಿ ಕಟ್ಟಿದ ಮನೆ. ಆಗ ಗೇಟಿನ ಹತ್ತಿರ ರೋಡು ನಮ್ಮ ಪಾರ್ಕಿಂಗ್ ನೆಲಕ್ಕಿಂತ ಒಂದಡಿ ಕೆಳಗಿತ್ತು, ಸ್ಕೂಟರ್ ಹತ್ತಿಸೋಕೆ ರ್‍ಯಾಂಪ್ ಹಾಕಿಸಿದ್ದೆ. ಅದಾದ ಮೇಲೆ ಎಷ್ಟು ಸಲ ಡಾಂಬರು ಹಾಕಿದ್ರೋ ಲೆಕ್ಕ ಇಲ್ಲ, ಹಳೇದನ್ನ ಕೆರೆಯದೆ ಅದರ ಮೇಲೇ ಇನ್ನೊಂದು ಪದರ, ಒಂದೊಂದು ಸಲಕ್ಕೆ ಎರಡು ಮೂರು ಇಂಚು. ಈಗ ರೋಡೇ ನಮಗಿಂತ ಮೇಲೆ. ಜೋರು ಮಳೆ ಬಂದ್ರೆ ಮೋರಿ ನೀರು ಸೀದಾ ಒಳಗೆ, ಸಂಪಿಗೂ ಹೋಯ್ತು ಎರಡು ಸಲ.

ಕೊನೆಗೆ ಏನು ಮಾಡಿದೆ ಅಂದ್ರೆ ಪಾರ್ಕಿಂಗ್ ನೆಲಾನೇ 9 ಇಂಚು ಎತ್ತರಿಸಿದೆ, ಸಂಪಿನ ಬಾಯೂ ಎತ್ತರಿಸಿದೆ. ನೀರು ಒಳಗೆ ಬರೋದು ನಿಂತಿತು. ಆದ್ರೆ ಮಗ ಟಾಪ್ ಮೇಲೆ ಕ್ಯಾರಿಯರ್ ಇರೋ ಬೊಲೆರೋ ತಗೊಂಡ, ಅದು ಇವತ್ತಿಗೂ ರೋಡಲ್ಲೇ ನಿಲ್ಲುತ್ತೆ. ಸೂರು ಮೇಲೆ ಹೋಗಲ್ಲ, ನೆಲ ಮಾತ್ರ ಮೇಲೆ ಬರ್ತಾ ಇರುತ್ತೆ. ಅಂಜನಾಪುರ ಹೊಸ ಲೇಔಟು, ರೋಡು ಇನ್ನೂ ಎಷ್ಟು ಏರುತ್ತೋ. ಇವತ್ತಿನ ಲೆಕ್ಕಕ್ಕೆ ಕಟ್ಟಬೇಡಿ, ಇಪ್ಪತ್ತು ವರ್ಷ ಆದ್ಮೇಲೆ ನೆಲ ಎತ್ತರಿಸೋಕೆ ಅಂತಾನೇ ಒಂದು 9 ಇಂಚು ಪಕ್ಕಕ್ಕೆ ಇಟ್ಟುಬಿಡಿ.

ಅಲೆಹುಚ್ಚಿ:

ಸರ್, ಸಂಪು ವಿಷಯ ಹೇಳಿದ್ದು ತುಂಬಾ ಒಳ್ಳೇದಾಯ್ತು, ನಮ್ಮ ಸಂಪೂ ಪಾರ್ಕಿಂಗಲ್ಲೇ ಬರ್ತಾ ಇದೆ, ಬಾಯಿ ಎತ್ತರ ಇವತ್ತೇ ಹೇಳ್ತೀನಿ.

ಇವತ್ತು ಸಂಜೆ ಕಾರಿಗೆ ಬೋರ್ಡ್ ಕಟ್ಟಿ ಅಳೆದ್ವಿ. ಎರ್ಟಿಗಾ 1690 ಎಂಎಂ, ಕ್ರಾಸ್ ಬಾರ್ ಕಾಲು ಸಮೇತ 125, ಪ್ಯಾಡ್ 25, ಲಾಂಗ್‌ಬೋರ್ಡ್ ದಪ್ಪ 75, ಅದರ ಫಿನ್ 225. ಒಟ್ಟು 2140, ಅಂದ್ರೆ ಸರಿಯಾಗಿ 7 ಅಡಿ. ಮೇಲಿನ ಬೋರ್ಡಿನ ಫಿನ್ ಚಿಕ್ಕದು, ಅದೂ ಹೆಚ್ಚುಕಮ್ಮಿ ಇಷ್ಟಕ್ಕೇ ಬರುತ್ತೆ. ಫಿನ್ ಯಾಕೆ ಮೇಲೆ ಬರುತ್ತೆ ಅಂತ ಕೇಳ್ತೀರ ಅಂತ ಹೇಳ್ತೀನಿ, ಬೋರ್ಡನ್ನ ಬೋರಲು ಮಲಗಿಸಿ ಫಿನ್ ಮುಂದಕ್ಕೆ ಬರೋ ಹಾಗೆ ಕಟ್ತೀವಿ, ಗಾಳಿಗೆ ಬೋರ್ಡ್ ಹಿಂದಕ್ಕೆ ಜಾರಿದ್ರೂ ಫಿನ್ನು ಬೆಲ್ಟಿಗೆ ಸಿಕ್ಕಿ ನಿಲ್ಲುತ್ತೆ. ಫಿನ್ ಬಿಚ್ಚಿಟ್ಕೊಂಡು ಬರಬಹುದು, ಒಂದೇ ಸ್ಕ್ರೂ. ಆದ್ರೆ ಮಳೇಲಿ, ಮರಳು ಮೆತ್ತಿರೋ ಕೈಯಲ್ಲಿ, ಪ್ರತಿ ಸಲ ಬಿಚ್ತೀವಿ ಅನ್ನೋ ನಂಬಿಕೆ ಮೇಲೆ ಮನೆ ಕಟ್ಟೋಕೆ ನಂಗೆ ಇಷ್ಟ ಇಲ್ಲ.

ಇನ್ನೊಂದು ಪ್ರಶ್ನೆ. ಮುಂದೆ ಥಾರ್ ರಾಕ್ಸ್ ತಗೊಳ್ಳೋ ಆಸೆ ಇದೆ, ಅದು 1923 ಎಂಎಂ. ಅದೇ ಲೆಕ್ಕ ಹಾಕಿದ್ರೆ 2373, ಅಂದ್ರೆ 7 ಅಡಿ ಒಂಬತ್ತೂವರೆ ಇಂಚು. ನಮ್ಮ ಅಣ್ಣ ಹೇಳ್ತಾನೆ ನ್ಯಾಷನಲ್ ಬಿಲ್ಡಿಂಗ್ ಕೋಡಲ್ಲಿ ಗ್ಯಾರೇಜಿಗೆ 2.4 ಮೀಟರ್ ಇದ್ರೆ ಸಾಕು ಅಂತಿದೆ, ನೀನು ಸುಮ್ನೆ ತಲೆ ಕೆಡಿಸ್ಕೊಂಡಿದೀಯ ಅಂತ. 2.4 ಮೀಟರ್ ಸಾಕಾ?

ಸ್ಟ್ರಕ್ಚರಲ್ ನಾಗರಭಾವಿ:

ನಿಮ್ಮ ಅಣ್ಣ ಹೇಳಿದ್ದು ಕೋಡಲ್ಲಿರೋದು ನಿಜ, ಆದ್ರೆ ಅದು ಕನಿಷ್ಠ, ಮಾಮೂಲಿ ಕಾರಿಗೆ. 2.4 ಮೀಟರ್ ಅಂದ್ರೆ 7 ಅಡಿ ಹತ್ತೂವರೆ ಇಂಚು, ನಿಮ್ಮ ಥಾರ್ ಲೆಕ್ಕಕ್ಕೆ ಒಂದೇ ಇಂಚು ಉಳಿಯುತ್ತೆ. ಗಾಡಿ ಸ್ವಲ್ಪ ಕುಪ್ಪಳಿಸಿದ್ರೆ ಮುಗೀತು.

ಈಗ ಆ 9 ಅಡಿ ಎಲ್ಲಿ ಹೋಗುತ್ತೆ ನೋಡಿ. ಕಾಂಟ್ರಾಕ್ಟರ್ರು 9 ಅಡಿ ಅಂದ್ರೆ ಸಾಮಾನ್ಯವಾಗಿ ಪ್ಲಿಂತ್ ಮೇಲಿಂದ ಸ್ಲ್ಯಾಬ್ ಕೆಳಗಿನವರೆಗೆ ಹೇಳ್ತಾರೆ. ಬೀಮ್ 18 ಇಂಚು, ಅದರಲ್ಲಿ 5 ಇಂಚು ಸ್ಲ್ಯಾಬಲ್ಲೇ ಸೇರುತ್ತೆ, 13 ಇಂಚು ಕೆಳಗೆ ಇಳಿಯುತ್ತೆ. ಆಗಲೇ 7 ಅಡಿ 11. ಆಮೇಲೆ ನೆಲಕ್ಕೆ ಬೆಡ್ ಕಾಂಕ್ರೀಟು, ಪಾರ್ಕಿಂಗ್ ಟೈಲ್ಸು ಸೇರಿ 4 ಇಂಚು, 7 ಅಡಿ 7. ಮೇಲಿನವರು ಹೇಳಿದ ಶಟರ್ ಬಾಕ್ಸ್ 14 ಇಂಚು ಕಳೀರಿ, 6 ಅಡಿ 5 ಇಂಚು. ನಿಮ್ಮ ಎರ್ಟಿಗಾ ಈಗ ಬೋರ್ಡ್ ಸಮೇತ 7 ಅಡಿ. ಕಾಂಟ್ರಾಕ್ಟರ್ ಸುಳ್ಳು ಹೇಳಿಲ್ಲ, ಅವರು ಹೇಳಿದ 9 ಅಡಿ ಇದ್ದೇ ಇದೆ, ಆದ್ರೆ ಗಾಡಿ ಓಡಾಡೋ ಜಾಗದಲ್ಲಿಲ್ಲ.

ಎಲ್ಲರೂ ಮರೆಯೋ ಇನ್ನೊಂದು ವಿಷಯ ಇಳಿಜಾರು. ರೋಡಿಂದ ಇಳಿದು ಒಳಗೆ ಹೋಗೋ ಹಾಗಿದ್ರೆ, ಇಳಿಜಾರು ಮುಗಿದು ನೆಲ ಸಮ ಆಗೋ ಮೂಲೆ ಇರುತ್ತಲ್ಲ, ಅಲ್ಲಿ ಮುಂದಿನ ಚಕ್ರ ಸಮ ನೆಲದಲ್ಲಿ, ಹಿಂದಿನದು ಇನ್ನೂ ಇಳಿಜಾರಲ್ಲಿ. ಗಾಡಿಯ ನಡುಭಾಗ ಆ ಮೂಲೆ ಮೇಲೆ ಸೇತುವೆ ಥರ ಎದ್ದು ನಿಲ್ಲುತ್ತೆ. ಎರ್ಟಿಗಾ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರೋ ದೂರ, 2740 ಎಂಎಂ, ಇಳಿಜಾರು 8 ಅಡಿಗೆ 1 ಅಡಿ ಆದ್ರೆ ಸುಮಾರು 86 ಎಂಎಂ, ಮೂರೂವರೆ ಇಂಚು ಜಾಸ್ತಿ ಎತ್ತರ ಬೇಕು. ಸರಿಯಾಗಿ ಅದೇ ಜಾಗದ ಮೇಲೆ ಬೀಮ್ ಇದ್ರೆ ಟೇಪ್ ಹಿಡಿದು ಅಳೆದಾಗ ದಾಟಿದ್ದು ಗಾಡಿ ಹೋದಾಗ ದಾಟಲ್ಲ. ಬೇಸ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ರ್‍ಯಾಂಪಿನ ಬುಡದಲ್ಲೇ ಬೀಮಿಗೆ ಗೀರು ಬಿದ್ದಿರೋದು ಇದಕ್ಕೇ. ಗೇಟಿನ ಹತ್ತಿರ ರ್‍ಯಾಂಪ್ ಏರಿ ಒಳಗೆ ಸಮ ಆಗೋ ಹಾಗಿದ್ರೆ ಈ ತೊಂದರೆ ಗೇಟಿನ ಹೊರಗೇ ಮುಗಿಯುತ್ತೆ, ಅಲ್ಲಿ ಮೇಲೆ ಏನೂ ಇರಲ್ಲ. ಬಸವೇಶ್ವರನಗರದ ಸರ್ ಹೇಳಿದ ಹಾಗೆ ರೋಡು ಏರಿದ ದಿನ ಅದೂ ತಿರುಗುಮುರುಗಾಗುತ್ತೆ.

ನನ್ನ ಪ್ರಕಾರ 10 ಅಡಿ 6 ಇಂಚು ಇಡಿ. 13 ಮತ್ತೆ 4 ಕಳೆದ್ರೆ 9 ಅಡಿ 1, ಮುಂದೆ ನೆಲ ಎತ್ತರಿಸೋಕೆ 9 ಇಂಚು ತೆಗೆದ್ರೆ 8 ಅಡಿ 4, ಇಳಿಜಾರಿನ ಮೂರೂವರೆ ಇಂಚು ತೆಗೆದ್ರೂ 8 ಅಡಿ ಮೇಲೆ ಸ್ವಲ್ಪ ಉಳಿಯುತ್ತೆ. ಥಾರೂ ಹೋಗುತ್ತೆ, ಮೂರು ಇಂಚು ಗಾಳಿನೂ ಇರುತ್ತೆ.

ಒಂದೂವರೆ ಅಡಿ ಏರಿಸೋದು ಪುಕ್ಕಟೆ ಅಲ್ಲ. ಆರು ಇಂಚಿನ ಮೆಟ್ಟಿಲಾದ್ರೆ ಮೂರು ಮೆಟ್ಟಿಲು ಜಾಸ್ತಿ, ಅಂದ್ರೆ 30 ಇಂಚು ಜಾಗ, 30×40ರಲ್ಲಿ ಅದು ದೊಡ್ಡದು, ಮೆಟ್ಟಿಲಿನ ಡ್ರಾಯಿಂಗ್ ಈಗಲೇ ಮತ್ತೆ ಮಾಡಿಸಿ. ಕಾಲಂ ಉದ್ದ ಆದ್ರೆ ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಕಂಬಿ ಲೆಕ್ಕ ಇನ್ನೊಂದು ಸಲ ನೋಡ್ಲೇಬೇಕು, ಕೆಳಗೆ ಗೋಡೆ ಇಲ್ಲದ ಪಾರ್ಕಿಂಗ್ ಫ್ಲೋರು ಭೂಕಂಪದ ಲೆಕ್ಕದಲ್ಲಿ ಮನೆಯ ಮೆತ್ತನೆ ಭಾಗ, ಎತ್ತರ ಮಾಡಿದಷ್ಟೂ ಇನ್ನೂ ಮೆತ್ತಗಾಗುತ್ತೆ. ಮೇಸ್ತ್ರಿ ಹತ್ರ ಬಾಯಲ್ಲಿ ಹೇಳಿ ಮುಗಿಸಬೇಡಿ. ಅಪ್ರೂವ್ ಆಗಿರೋ ಪ್ಲಾನಲ್ಲಿ ಒಟ್ಟು ಎತ್ತರ ಎಷ್ಟಿದೆ ಅನ್ನೋದೂ ನೋಡ್ಕೊಳ್ಳಿ.

ಅಷ್ಟು ಎತ್ತರ ಮಾಡೋಕೆ ಆಗಲ್ಲ ಅಂದ್ರೆ ಗಾಡಿ ದಾಟೋ ಮುಂದಿನ ಒಂದು ಬೀಮನ್ನ ಮಾತ್ರ ತಲೆಕೆಳಗು ಮಾಡಬಹುದು, ಅಂದ್ರೆ ಬೀಮ್ ಸ್ಲ್ಯಾಬಿನ ಕೆಳಗೆ ಇಳಿಯೋ ಬದಲು ಮೇಲಕ್ಕೆ ನಿಲ್ಲುತ್ತೆ. ಮೇಲಿನ ಫ್ಲೋರಲ್ಲಿ ಅದರ ಮೇಲೇ ಗೋಡೆ ಬರೋ ಹಾಗಿದ್ರೆ ಯಾರಿಗೂ ಗೊತ್ತೇ ಆಗಲ್ಲ. ಬಾಗಿಲು ಬರೋ ಜಾಗ ಆದ್ರೆ ಆಗಲ್ಲ.

ಪ್ಲೈವುಡ್ ಗಾಡಿ:

ಅಕ್ಕ, ಬೋರ್ಡ್ ಅಂತ ನೋಡಿ ನಮ್ಮ ಪ್ಲೈ ಬೋರ್ಡ್ ವಿಷಯ ಅನ್ಕೊಂಡು ಬಂದೆ, ಪೂರ್ತಿ ಓದಿದ ಮೇಲೆ ನಮಗೂ ಇದೇ ಕಷ್ಟ ಅನ್ಸಿ ಬರೀತಾ ಇದೀನಿ. ಇಂಟೀರಿಯರ್ ಕೆಲಸ ನಂದು, ಹಳೇ ಬೊಲೆರೋ ಟಾಪ್ ಮೇಲೆ ಕ್ಯಾರಿಯರ್ ಹಾಕಿ ದಿನಾ 8×4 ಶೀಟ್ ಹೊರ್ತೀನಿ. ಶೀಟ್ ಎತ್ತರ ಏನೂ ಅಲ್ಲ, 19 ಎಂಎಂ ನಾಲ್ಕು ಹಾಕಿದ್ರೂ ಮೂರು ಇಂಚು. ಬೊಲೆರೋನೇ 1880, ಕ್ಯಾರಿಯರ್ ಕಂಬಿ ಎತ್ತರಾನೂ ಸೇರಿದ್ರೆ ಅಲ್ಲಿಗೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಮುಗೀತು, ಎಷ್ಟೋ ಕಡೆ 2.1 ಮೀಟರ್ ಅಂತ ಪೈಪ್ ನೇತು ಹಾಕಿರ್ತಾರೆ, ರೋಡಲ್ಲೇ ಇಳಿಸಿ ತಲೆ ಮೇಲೆ ಹೊತ್ಕೊಂಡು ಹೋಗ್ತೀವಿ.

ನಾನು ಕಲಿತಿದ್ದು ಎರಡು. ಒಂದು, ಲೋಡ್ ಇದ್ದಾಗ ಗಾಡಿ ಕೂತಿರುತ್ತೆ, ಇಳಿಸಿದ ಮೇಲೆ ಏಳುತ್ತೆ. ಒಂದು ಸೈಟಲ್ಲಿ ಒಳಗೆ ಸಾಮಾನು ತುಂಬ್ಕೊಂಡು ಹೋದಾಗ ಕ್ಯಾರಿಯರ್ ಒಂದು ಇಂಚಲ್ಲಿ ದಾಟಿತು, ಟೈಲ್ಸು, ಫೆವಿಕಾಲು ಡಬ್ಬ ಎಲ್ಲ ಇಳಿಸಿ ವಾಪಸ್ ಬರಬೇಕಾದ್ರೆ ಅದೇ ಬೀಮಿಗೆ ಹಿಡೀತು. ಟೈರ್ ಗಾಳಿ ಬಿಟ್ಟು ಹೊರಗೆ ತಂದೆ. ಹಾಗಾಗಿ ನೀವು ಅಳೆಯಬೇಕಾದ್ರೆ ಯಾರೂ ಒಳಗೆ ಕೂರದೆ, ಡಿಕ್ಕಿ ಖಾಲಿ ಮಾಡಿ, ಟೈರಿಗೆ ಪೂರ್ತಿ ಗಾಳಿ ಹಾಕಿ ಅಳೀರಿ, ಅದೇ ನಿಮ್ಮ ಜಾಸ್ತಿ ಎತ್ತರ.

ಎರಡನೇದು, ಸ್ಯಾನಿಟರಿ ಪೈಪು. ಇದನ್ನ ಯಾರೂ ಹೇಳಿಲ್ಲ ಇಲ್ಲಿ. ಮೇಲಿನ ಬಾತ್‌ರೂಮಿಂದ ಬರೋ ನಾಲ್ಕು ಇಂಚಿನ ಪಿವಿಸಿ ಲೈನು ಬೀಮ್ ಕೆಳಗೆ ಕ್ಲಾಂಪ್ ಹಾಕ್ಕೊಂಡು ಓಡುತ್ತೆ, ಇಳಿಜಾರು ಬೇರೆ ಕೊಡಬೇಕು ಅದಕ್ಕೆ, ಕೊನೆ ಕೊನೆಗೆ ಆರೇಳು ಇಂಚು ಇಳಿದಿರುತ್ತೆ. ಇಂಜಿನಿಯರ್ ಸರ್ ಹಾಕಿದ ಲೆಕ್ಕ ಎಲ್ಲ ಪ್ಲಂಬರ್ ಒಂದೇ ದಿನದಲ್ಲಿ ತಿಂದ್ಹಾಕ್ತಾನೆ. ಗಾಡಿ ಓಡಾಡೋ ಸಾಲಿನ ಮೇಲೆ ಪೈಪ್ ಅಡ್ಡ ಬರಬಾರದು, ಗೋಡೆ ಪಕ್ಕದಲ್ಲೇ ಹೋಗಬೇಕು ಅಂತ ಮೋಲ್ಡಿಗೆ (ಸ್ಲ್ಯಾಬ್ ಕಾಂಕ್ರೀಟ್ ಹಾಕೋದಕ್ಕೆ) ಮುಂಚೆನೇ ಪ್ಲಂಬರನ್ನ ಸೈಟಿಗೆ ಕರ್ಸಿ ತೋರ್ಸಿ. ಲೈಟು, ಸಿಸಿಟಿವಿ ಕ್ಯಾಮೆರಾನೂ ಅಷ್ಟೇ, ಬೀಮಿನ ಪಕ್ಕಕ್ಕೆ ಹಾಕ್ಸಿ, ಕೆಳಮುಖಕ್ಕೆ ಬೇಡ.

ಆಮೇಲೆ ಒಂದು ಹಗುರ ಪಿವಿಸಿ ಪೈಪನ್ನ ಎರಡು ಚೈನಲ್ಲಿ ಗೇಟ್ ಒಳಗೆ, ಬೀಮಿಗಿಂತ ನಾಲ್ಕೈದು ಅಡಿ ಮುಂಚೆ, ಬೀಮಿಗಿಂತ ಎರಡು ಇಂಚು ಕೆಳಗೆ ನೇತು ಹಾಕ್ಸಿ. ರೈಲ್ವೆ ಗೇಟ್ ಮುಂದೆ ಹೈಟ್ ಗೇಜ್ ಇರುತ್ತಲ್ಲ ಹಂಗೆ. ತಗುಲಿದ್ರೆ ಟಕ್ ಅಂತ ಸದ್ದು ಬರುತ್ತೆ, ಬ್ರೇಕ್ ಹಾಕೋಕೆ ಟೈಮ್ ಸಿಗುತ್ತೆ.

ಕಡಲತಡಿ:

ನಾನು ಮಂಗಳೂರಿನವ, ಈಗ ಬೆಂಗಳೂರಲ್ಲಿ ಇರುದು. ಬೋರ್ಡನ್ನು ಪ್ರತೀ ಸಲ ಹೊತ್ಕೊಂಡು ಹೋಗಿ ಬರುದು ಯಾಕೆ ಮಾರಾಯ್ರೆ, ಅಲ್ಲಿಯೇ ಯಾರದ್ದಾದ್ರೂ ಮನೆಯಲ್ಲೋ ಸರ್ಫ್ ಸ್ಕೂಲಿನಲ್ಲೋ ಇಡ್ಲಿಕ್ಕೆ ಆಗುದಿಲ್ವಾ? ಏಳು ಗಂಟೆ ದಾರಿ, ಘಾಟಿಯಲ್ಲಿ ಮಳೆ, ಟಾಪ್ ಮೇಲೆ ಬೋರ್ಡ್ ಇದ್ರೆ ಗಾಳಿಗೆ ಪೆಟ್ರೋಲು ಕೂಡ ಜಾಸ್ತಿ ಕುಡೀತದೆ. ಮತ್ತೆ ಬೋರ್ಡ್ ಹೊರಗೆ ಬಿಸಿಲಲ್ಲಿ ಗಾಡಿ ಮೇಲೆಯೇ ಬಿಡ್ಬೇಡಿ, ಕಾದ್ರೆ ಮೇಲಿನ ಫೈಬರ್ ಪದರ ಫೋಮಿಂದ ಬಿಟ್ಕೊಳ್ತದೆ, ಬೊಕ್ಕೆ ಬಂದ ಹಾಗೆ. ನಿಮ್ಮ ಕಿತ್ತುಹೋದ ಫಿನ್ ಬಾಕ್ಸ್ ಸರಿ ಮಾಡ್ಸಿದ್ರಾ? ಬೋರ್ಡ್ ಒಳಗೆ ಥರ್ಮಾಕೋಲ್ ಥರದ ಇಪಿಎಸ್ ಫೋಮ್ ಉಂಟಾದ್ರೆ ಎಪಾಕ್ಸಿ ರೆಸಿನ್ ಮಾತ್ರ ಹಾಕ್ಬೇಕು, ಪಾಲಿಯೆಸ್ಟರ್ ರೆಸಿನ್ ಹಾಕಿದ್ರೆ ಫೋಮ್ ಕರಗಿ ಗುಂಡಿ ಬೀಳ್ತದೆ.

ಅಲೆಹುಚ್ಚಿ:

ನಮ್ಮದು ಪಿಯು ಫೋಮು, ಮೂಲ್ಕಿಯಲ್ಲೇ ರಿಪೇರಿ ಮಾಡಿಕೊಟ್ರು, ಈಗ ಗಟ್ಟಿ ಇದೆ. ಅಲ್ಲೇ ಇಡೋ ವಿಷಯ ನಾವೂ ಯೋಚಿಸಿದ್ವಿ. ಆದ್ರೆ ಕೆಲವು ಸಲ ಚೆನ್ನೈ ಹತ್ರ ಕೋವಳಂಗೆ ಹೋಗ್ತೀವಿ, ಕೆಲವು ಸಲ ಪಾಂಡಿಚೇರಿ, ಬೋರ್ಡ್ ನಮ್ಮ ಹತ್ರಾನೇ ಇರಬೇಕು. ಅದೂ ಅಲ್ಲದೆ ಭಾನುವಾರ ರಾತ್ರಿ ಮನೆಗೆ ಬಂದು, ಬೆಳಿಗ್ಗೆ ಎದ್ದು ಕೆಳಗೆ ಹೋಗಿ ಸಿಹಿ ನೀರಲ್ಲಿ ಬೋರ್ಡ್ ತೊಳೆಯೋದು ನಂಗೆ ತುಂಬಾ ಇಷ್ಟದ ಕೆಲಸ, ಅಪ್ಪ ಸ್ಕೂಟರ್ ತೊಳೀತಿದ್ದ ಹಂಗೆ.

ನಿನ್ನೆ ಎಲ್ಲರನ್ನೂ ಸೈಟಲ್ಲಿ ಕೂರಿಸಿದ್ವಿ, ಕಾಂಟ್ರಾಕ್ಟರ್ರು, ಇಂಜಿನಿಯರ್ರು, ಪ್ಲಂಬರ್ರು. ನಾಗರಭಾವಿ ಸರ್ ಹಾಕಿದ ಲೆಕ್ಕಾನ ಚೀಟಿಲಿ ಬರ್ಕೊಂಡು ಹೋಗಿದ್ದೆ, 9 ಅಡಿಯಿಂದ ಒಂದೊಂದೇ ಕಳೀತಾ ಬಂದು 6 ಅಡಿ 5ಕ್ಕೆ ಬಂದಾಗ ಕಾಂಟ್ರಾಕ್ಟರ್ರೇ ಟೇಪ್ ತಗೊಂಡು ಎದ್ದು ನಿಂತ್ರು. ಒಳ್ಳೇ ಮನುಷ್ಯ, ಇದನ್ನ ಯಾರೂ ಈ ಥರ ಕೇಳಿರಲಿಲ್ಲ ಮೇಡಂ ಅಂದ್ರು.

10 ಅಡಿ 6 ಆಗಲ್ಲ ಅಂದ್ರು ಇಂಜಿನಿಯರ್ರು, ಮೂರು ಮೆಟ್ಟಿಲು ಸೇರಿಸಿದ್ರೆ ಅಮ್ಮನ ರೂಮಿನ ಬಾಗಿಲಿಗೆ ಅಡ್ಡ ಬರುತ್ತೆ. 10 ಅಡಿಗೆ ನಿಲ್ಲಿಸಿದ್ವಿ, ಎರಡು ಮೆಟ್ಟಿಲು ಜಾಸ್ತಿ. ಕಮ್ಮಿಯಾದ 6 ಇಂಚಿಗೆ ಬದಲಾಗಿ ಮುಂದಿನ ಬೀಮ್ ತಲೆಕೆಳಗು ಮಾಡ್ತಾರೆ, ಅದರ ಮೇಲೆ ಹಾಲ್ ಗೋಡೆ ಬರುತ್ತೆ, ಬಾಗಿಲಿಲ್ಲ. ಕಾಲಂ ಮತ್ತೆ ಬೀಮ್ ಲೆಕ್ಕ ಹೊಸದಾಗಿ ಮಾಡಿ ಶನಿವಾರ ಡ್ರಾಯಿಂಗ್ ಕೊಡ್ತಾರಂತೆ, ಅಲ್ಲಿವರೆಗೂ ಕಾಂಕ್ರೀಟ್ ಇಲ್ಲ. ಒಳಗಿನ ಬೀಮ್ ಮಾಮೂಲಿನೇ, ಅಲ್ಲಿ ನೆಲ ಸಮ, ಇಳಿಜಾರಿನ ಮೂರೂವರೆ ಇಂಚಿನ ಚಿಂತೆ ಇಲ್ಲ. ಶಟರ್ ಬಿಟ್ವಿ, ಸ್ಲೈಡಿಂಗ್ ಗೇಟು. ಪೈಪ್ ಎಲ್ಲ ಪೂರ್ವದ ಗೋಡೆ ಪಕ್ಕ.

ಪ್ಲೈವುಡ್ ಅಣ್ಣ, ನೀವು ಹೇಳಿದ ಹಾಗೆ ಗಾಡಿ ಖಾಲಿ ಮಾಡಿ, ಗಾಳಿ ಹಾಕಿಸಿ ಮತ್ತೆ ಅಳೆದೆ. 2140 ಅಲ್ಲ, 2165 ಬಂತು. ಹಿಂದಿನ ದಿನ ಅಳೆದಾಗ ಡಿಕ್ಕಿಲಿ ಟೈಲ್ಸ್ ಸ್ಯಾಂಪಲ್ ಇತ್ತು.

ಪ್ಲೈವುಡ್ ಗಾಡಿ:

ಸರಿ ಅಕ್ಕ. ಮೋಲ್ಡ್ ಹಾಕೋ ಹಿಂದಿನ ದಿನ, ಸೆಂಟ್ರಿಂಗ್ ನಿಂತ ಮೇಲೆ, ಬೀಮ್ ಶೀಟಿನ ಕೆಳಗಿಂದ ನೀವೇ ಒಂದು ಸಲ ಟೇಪ್ ಹಿಡೀರಿ. ಡ್ರಾಯಿಂಗಲ್ಲಿ ಸರಿ ಇದ್ದು ಜಾಕಿ ಒಂದೆರಡು ಇಂಚು ಇಳಿದಿರುತ್ತೆ, ಕಾಂಕ್ರೀಟ್ ಬಿದ್ದ ಮೇಲೆ ಏನೂ ಮಾಡೋಕಾಗಲ್ಲ.